ಬಲಕ್ಕೆ ವಾಲಿದ ವಿಮಾನ

ಮೊದಲು ಆ ಬೋರ್ಡಿನ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಲೆ ಕೆಟ್ಟದ್ದು ಅಲ್ಲಿಂದ. ಬೆಳಗಾವಿಯ ಕ್ಯಾಂಪಿನಲ್ಲಿ, ಅಂದರೆ ದಂಡಿನ ಪ್ರದೇಶದಲ್ಲಿ, ಒಂದು ಬಂಗಲೆಯ ಅಂಗಳದಲ್ಲಿ ಹಳೆಯ ತರಬೇತಿ ವಿಮಾನವೊಂದನ್ನು ಕಂಬದ ಮೇಲೆ ನಿಲ್ಲಿಸಬೇಕೆಂದು ಊರಿನ ಕೆಲವರು ಸೇರಿ ಸಮಿತಿ ಮಾಡಿಕೊಂಡಿದ್ದರು. ಅದರ ಕಟ್ಟಿಗೆ ಕೆಲಸವನ್ನು ನನಗೆ ಒಪ್ಪಿಸಿದರು. ಅದರ ಜೊತೆಗೆ, ಕೆಳಗೆ ಹಾಕುವ ಬೋರ್ಡಿನ ಒಕ್ಕಣೆಯನ್ನೂ ಫೋನಿಗೆ ಕಳಿಸಿದರು. ಕನ್ನಡ, ಮರಾಠಿ, ಇಂಗ್ಲಿಷು, ಮೂರರಲ್ಲೂ ಇತ್ತು. ಯಾವ ಭಾಷೆ ಮೇಲೆ, ಯಾವುದು ಕೆಳಗೆ, ಯಾವುದರ ಅಕ್ಷರ ಎಷ್ಟು ದಪ್ಪ ಎಂದು ಇಡೀ ಒಂದು ಮಳೆಗಾಲ ಜಗಳಾಡಿದ್ದರಂತೆ. ಬರೆದದ್ದು ಖರೇನೋ ಸುಳ್ಳೋ ಎಂದು ಮಾತ್ರ ಯಾರೂ ಜಗಳಾಡಿರಲಿಲ್ಲ. ಕೊನೆಯ ಸಾಲು ಹೀಗಿತ್ತು: "ತರಬೇತಿಯಲ್ಲಿದ್ದ ಚಾಲಕಿಯ ಅಚಾತುರ್ಯದಿಂದ ಖಾನಾಪುರದ ಬಳಿ ಅಪಘಾತಕ್ಕೀಡಾಗಿ ಈ ವಿಮಾನವು ತನ್ನ ಸೇವೆಯನ್ನು ಮುಗಿಸಿತು."

ಆ ಚಾಲಕಿ ನನ್ನ ಸೋದರತ್ತೆ. ಎಂಬತ್ತು ದಾಟಿದ ಜೀವ. ಮದುವೆಯಾಗಲಿಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾಗಿ ಊರೊಳಗಿನ ಖಾಸಬಾಗದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಪಡಸಾಲೆಯಲ್ಲಿ ಪೇಪರು ಹರಡಿಕೊಂಡು ಕೂತರೆ ಪದಬಂಧ ಮುಗಿಯುವವರೆಗೆ ಯಾರೊಂದಿಗೂ ಮಾತಿಲ್ಲ. ಅವಳ ಕಣ್ಣು ಇನ್ನೂ ಚುರುಕು. ಆ ಬೋರ್ಡು ಎದ್ದರೆ ಅವಳು ಓದದೆ ಬಿಡುವವಳಲ್ಲ. ಅವಳು ಓದುವ ಮೊದಲು ಆ ಸಾಲು ಹೋಗಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಇದಕ್ಕಾಗಿ ನಾನು ಎಷ್ಟು ತಲೆ ಚಚ್ಚಿಕೊಂಡೆ ಎಂದು ಹೇಳಿದರೆ ನೀವೂ ಬೇಸತ್ತು ಹೋಗುತ್ತೀರಿ.

ವಿಮಾನದ ಹೆಸರು ಟೈಗರ್ ಮಾತ್. ಮಾತ್ ಎಂದರೆ ದೀಪಕ್ಕೆ ಮುತ್ತುವ ಪತಂಗ. ನಮ್ಮ ಓಣಿಯಲ್ಲಿ ಮಾತ್ರ ಅದು "ಟೈಗರ್ ಮಾತು" ಎಂದೇ ಪ್ರಸಿದ್ಧಿ. ಹುಲಿ ಮಾತಾಡಿದರೆ ಹೇಗಿರುತ್ತದೋ ಅದರ ಇಂಜಿನ್ ಸದ್ದು ಹಾಗಿತ್ತಂತೆ, ಅದಕ್ಕೇ ಆ ಹೆಸರು ಎಂದು ಓಣಿಯ ಹಿರಿಯರು ಅರ್ಥವನ್ನೂ ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿದ ವಿಮಾನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ರೆಕ್ಕೆಯ ಒಳಗೆ ಕಟ್ಟಿಗೆಯ ಪಕ್ಕೆಲುಬು, ಮೇಲೆ ಬಟ್ಟೆ, ಬಟ್ಟೆಯ ಮೇಲೆ ಬಿಗಿಯಲೆಂದು ಬಳಿದ ವಾರ್ನಿಷ್ಷು. ಮುಂದಿನ ಸೀಟಿನಲ್ಲಿ ಗುರು, ಹಿಂದಿನದರಲ್ಲಿ ಶಿಷ್ಯ, ಇಬ್ಬರ ನಡುವೆ ಮಾತಾಡಲು ಒಂದು ಕೊಳವೆ. ಒಬ್ಬರೇ ಹಾರಿಸುವಾಗಲೂ ಹಿಂದಿನ ಸೀಟಿನಲ್ಲೇ ಕೂರಬೇಕು, ಇಲ್ಲದಿದ್ದರೆ ತೂಕ ತಪ್ಪುತ್ತದೆ. ಬ್ರೇಕ್ ಇಲ್ಲ. ಮೂತಿಯ ಪಂಖವನ್ನು ಒಬ್ಬರು ಕೆಳಗೆ ನಿಂತು ಕೈಯಿಂದ ಜಗ್ಗಿ ತಿರುಗಿಸಿದರೆ ಮಾತ್ರ ಇಂಜಿನ್ ಶುರು.

ಮಹಾಯುದ್ಧದ ಕಾಲದಲ್ಲಿ ಇಂಥವನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿ, ಬ್ರಿಟಿಷರ ಆಳ್ವಿಕೆಯಿದ್ದ ಕಡೆಗೆಲ್ಲ ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಕಳಿಸಿದರು. ಹೊಲ ಉಳುತ್ತಿದ್ದ, ಕಾಲೇಜು ಕಲಿಯುತ್ತಿದ್ದ ಹುಡುಗರು ಮೊದಲು ಇದರಲ್ಲಿ ಹಾರಲು ಕಲಿತು ಆಮೇಲೆ ದೊಡ್ಡ ವಿಮಾನ ಹತ್ತಿ ಯುದ್ಧಕ್ಕೆ ಹೋದರು. ಎಷ್ಟೋ ಜನ ತಿರುಗಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ಉಳಿದ ವಿಮಾನಗಳು ಹಾರಾಟದ ಕ್ಲಬ್ಬುಗಳ ಪಾಲಾದವು. ನಮ್ಮ ಊರ ಹೊರಗಿನ ಮೈದಾನದಲ್ಲಿದ್ದ ಸಣ್ಣ ಕ್ಲಬ್ಬಿಗೂ ಹೀಗೆ ಎರಡು ಬಂದವು. ಯುದ್ಧ ಕಂಡ ವಿಮಾನಕ್ಕೆ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ತಗಡಿನ ಶೆಡ್ಡೇ ಗತಿಯಾಯಿತು.

ಅಪ್ಪ ಪ್ಯಾಟರ್ನ್ ಮೇಸ್ತ್ರಿ. ನಾನೂ ಅದೇ. ನಮ್ಮ ಊರಿನಲ್ಲಿ ಫೌಂಡ್ರಿಗಳು ಬಹಳ. ಕಬ್ಬಿಣದ ಎರಕ ಹೊಯ್ಯುವ ಮೊದಲು ಬೇಕಾದ ಆಕಾರವನ್ನು ಕಟ್ಟಿಗೆಯಲ್ಲಿ ಮಾಡಿ, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಬೇಕು. ಆ ಕಟ್ಟಿಗೆಯ ಆಕಾರವೇ ಪ್ಯಾಟರ್ನು. ಕೈ ಚೊಕ್ಕ ಇದ್ದವರ ಕೆಲಸ. ಹಾಗಾಗಿ ಕ್ಲಬ್ಬಿನ ವಿಮಾನದಲ್ಲಿ ಕಟ್ಟಿಗೆಯದೇನಾದರೂ ಕೆಟ್ಟರೆ ಅಪ್ಪನನ್ನು ಕರೆಯುತ್ತಿದ್ದರು. ಅಪ್ಪ ಹೋಗುವಾಗ ಸೈಕಲ್ಲಿನ ಹಿಂದೆ ತಂಗಿಯನ್ನು ಕೂರಿಸಿಕೊಂಡು ಹೋಗುತ್ತಿದ್ದ. ಅವಳು ಆಗ ಕಾಲೇಜಿನ ಹುಡುಗಿ. ಅಲ್ಲಿ ಕಲಿಸುತ್ತಿದ್ದ ಗುರುಗಳು ಇವಳ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸಾಕಾಗಿ, ಒಂದು ದಿನ, "ಕೇಳಿದ್ದು ಸಾಕು, ಹತ್ತವಾ ತಾಯಿ" ಎಂದರಂತೆ. ಸೀರೆಯುಟ್ಟು ರೆಕ್ಕೆ ಹತ್ತಲಾಗದೆ ಅಪ್ಪನ ಪ್ಯಾಂಟನ್ನೇ ಹಗ್ಗದಿಂದ ಬಿಗಿದುಕೊಂಡು ಹತ್ತಿದಳು. ಓಣಿಯವರು ಬಾಯಿಗೆ ಬಂದಂತೆ ಆಡಿಕೊಂಡರು. ಆಗ ಅವಳ ಪರವಾಗಿ ನಿಂತವನೂ ಅಪ್ಪನೇ. ಇದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ.

ಅವಳು ಒಬ್ಬಳೇ ದೂರ ಹಾರಿದ್ದು ಒಂದೇ ಸಲ. ರೈಲು ಹಳಿಯನ್ನೇ ನೋಡಿಕೊಂಡು ಖಾನಾಪುರಕ್ಕೆ ಹೋಗಬೇಕು, ಮಲಪ್ರಭೆ ಕಂಡ ಕೂಡಲೇ ತಿರುಗಿ ಬರಬೇಕು. ಇವಳು ಹೊಳೆಯನ್ನು ಕಂಡಳು, ತಿರುಗಿದಳು, ಅಷ್ಟರಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಅದು ಯಾರ ತಪ್ಪೂ ಅಲ್ಲ. ಹಾಗಾದಾಗ ಬಯಲು ನೋಡಿ ಇಳಿಸಲು ಎಲ್ಲರಿಗೂ ಕಲಿಸಿರುತ್ತಾರೆ. ಕೊಯ್ಲಾದ ಭತ್ತದ ಗದ್ದೆಯೊಂದನ್ನು ನೋಡಿ ಇಳಿಸತೊಡಗಿದಳು. ನೆಲ ಇನ್ನೇನು ಸಿಕ್ಕಿತು ಅನ್ನುವಾಗ ಬಲ ರೆಕ್ಕೆ ಕುಸಿಯಿತು. ರೆಕ್ಕೆಯ ತುದಿ ಬದುವಿಗೆ ಬಡಿದು ವಿಮಾನ ಮೂತಿ ಊರಿ ಮಗುಚಿತು. ಇವಳು ಗಲ್ಲ ತರಚಿಕೊಂಡು ಹೊರಗೆ ಬಂದಳು. ಗದ್ದೆಯವರು ಓಡಿ ಬಂದು ಮಜ್ಜಿಗೆ ಕೊಟ್ಟರು.

ಇಂಜಿನ್ ನಿಂತದ್ದನ್ನು ಎಲ್ಲರೂ ಮರೆತರು. ರೆಕ್ಕೆ ಕುಸಿದದ್ದು ಮಾತ್ರ ಊರಿನ ನೆನಪಿನಲ್ಲಿ ಉಳಿಯಿತು. ಗಂಡು ಹುಡುಗ ಇದ್ದಿದ್ದರೆ ಸಮ ಇಳಿಸುತ್ತಿದ್ದ ಎಂದರು. ಮೊದಮೊದಲು ಅತ್ತೆ, "ಅದು ಬಲಕ್ಕ ಎಳೀತಿತ್ತು" ಅನ್ನುತ್ತಿದ್ದಳಂತೆ. ಅಪ್ಪ, "ಕುಣಿಯಲಾರದಾಕಿ ನೆಲಾ ಡೊಂಕ ಅಂದಳಂತ" ಎಂದು ನಕ್ಕುಬಿಡುತ್ತಿದ್ದ. ಕ್ರಮೇಣ ಅವಳು ಹೇಳುವುದನ್ನೇ ಬಿಟ್ಟಳು. ಕ್ಲಬ್ಬಿನವರು ಅವಳನ್ನು ಬಿಡಿಸಿದರು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದೆವು.

ಅಪ್ಪನ ಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಯಾರ ಕೈಯಿಂದ ಏನು ಬಿದ್ದು ಒಡೆದರೂ "ಖಾನಾಪುರ ಆತು" ಎನ್ನುವ ಮಾತು ಹುಟ್ಟಿತು. ಚಹಾದ ಕಪ್ಪು ಬಸಿ ಒಡೆದರೆ ಖಾನಾಪುರ, ಹಾಲು ಉಕ್ಕಿದರೆ ಖಾನಾಪುರ, ನಾನು ಗಣಿತದಲ್ಲಿ ಫೇಲಾದರೆ ದೊಡ್ಡ ಖಾನಾಪುರ. ನಮಗೆ ಮಕ್ಕಳಿಗೆ ಅದು ಊರಿನ ಹೆಸರು ಎಂದು ತಿಳಿದದ್ದೇ ಎಷ್ಟೋ ವರ್ಷದ ಮೇಲೆ. ಅತ್ತೆಯೂ ಅಡುಗೆಮನೆಯಲ್ಲಿ ತಾನೇ ಏನಾದರೂ ಚೆಲ್ಲಿದರೆ ಮೆಲ್ಲಗೆ ಹಾಗೆಯೇ ಅನ್ನುತ್ತಿದ್ದಳು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಇದರ ಮೇಲೆ ಅಪ್ಪನ ಇನ್ನೊಂದು ಜಂಬ ಬೇರೆ. ಆ ವಿಮಾನದ ಮೇಲಿನ ಮತ್ತು ಕೆಳಗಿನ ರೆಕ್ಕೆಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುವ ಕಟ್ಟಿಗೆಯ ಕೋಲುಗಳಿರುತ್ತವೆ, ಪ್ರತಿ ಬದಿಗೆ ಮುಂದೊಂದು, ಹಿಂದೊಂದು. ಅದರಲ್ಲಿ ಬಲಗಡೆಯ ಹಿಂದಿನ ಕೋಲು ಅತ್ತೆ ಹಾರುವುದಕ್ಕೆ ಸ್ವಲ್ಪ ಮೊದಲು ಗಾಳಿಗೆ ಶೆಡ್ಡಿನ ಬಾಗಿಲು ಬಡಿದು ಮುರಿದಿತ್ತು. ಇಂಗ್ಲೆಂಡಿನಿಂದ ತರಿಸಲು ಯಾರಿಗೆ ಪುರಸೊತ್ತು? ನಕ್ಷೆ ನೋಡಿ ಅಪ್ಪನೇ ಖಾನಾಪುರದ ಕಾಡಿನ ಸಾಗವಾನಿಯಲ್ಲಿ ಹೊಸದನ್ನು ಮಾಡಿಕೊಟ್ಟಿದ್ದ. "ಇಡೀ ವಿಮಾನ ಮುರೀತು, ನನ್ನ ಕೋಲು ಮುರೀಲಿಲ್ಲ" ಎಂದು ಸಾಯುವವರೆಗೂ ಹೇಳಿದ.

ಮಗುಚಿದ ವಿಮಾನವನ್ನು ಕ್ಲಬ್ಬು ಒಯ್ಯಲಿಲ್ಲ. ಗದ್ದೆಯ ಪಕ್ಕದಲ್ಲೇ ಹಂಚಿನ ಕಾರ್ಖಾನೆಯಿತ್ತು; ಅದರ ಮಾಲೀಕರು ಎತ್ತು ಕಟ್ಟಿ ಎಳೆಸಿ ತಮ್ಮ ಶೆಡ್ಡಿನಲ್ಲಿ ಇರಿಸಿಕೊಂಡರು. ಇಂಜಿನ್ ಯಾರೋ ಬಿಚ್ಚಿಕೊಂಡು ಹೋದರು. ಯಾರು ಎಂದು ಖಾನಾಪುರದಲ್ಲಿ ಕೇಳಿದರೆ ಬೆಳಗಾವಿಯವರು ಅನ್ನುತ್ತಾರೆ, ಬೆಳಗಾವಿಯಲ್ಲಿ ಕೇಳಿದರೆ ಖಾನಾಪುರದವರು. ಕ್ಲಬ್ಬೂ ಮುಚ್ಚಿತು. ವಿಮಾನ ಮಾತ್ರ ಹಂಚಿನ ಕೆಂಪು ಧೂಳು ತಿನ್ನುತ್ತ ಅಲ್ಲೇ ಬಿದ್ದಿತ್ತು. ಅದನ್ನೇ ಈಗ ಸಮಿತಿಯವರು ಪತ್ತೆ ಹಚ್ಚಿ ಎಬ್ಬಿಸಲು ಹೊರಟದ್ದು.

ನಾನು ಮೊದಲ ಸಲ ನೋಡಲು ಹೋದ ದಿನ ಕಾರ್ಖಾನೆಯ ಬಾಗಿಲಲ್ಲೇ ತಕರಾರು.

"ವಿಮಾನ ನೋಡಾಕ ಬಂದೇನ್ರಿ" ಎಂದೆ.

"ವಿಮಾ ಬ್ಯಾಡ್ರಿ. ಮಾಲಕರು ಮೊದಲ ಬೇಕಾದಷ್ಟು ಪಾಲಿಸಿ ಮಾಡ್ಯಾರ" ಎಂದು ಕಾವಲುಗಾರ ಗೇಟು ಎಳೆದುಕೊಂಡ.

ಖಾನಾಪುರದಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ವಿಮಾ ಎಂದರೆ ಎರಡರಲ್ಲೂ ಇನ್ಶೂರೆನ್ಸೇ. ಕೊನೆಯ ಅಕ್ಷರ ನುಂಗಿಹೋದರೆ ಮುಗಿಯಿತು. ನಾನು ಸಿಟ್ಟಿನಿಂದ ರಸ್ತೆಯ ಮೇಲೆ ನಿಂತು ಎರಡೂ ಕೈ ಚಾಚಿ ಹಾರುವ ಹಾಗೆ ಮಾಡಿ ತೋರಿಸಿದೆ. ಅರವತ್ತರ ಹತ್ತಿರದ ಮನುಷ್ಯ. ಬಸ್ಸಿಗೆ ನಿಂತ ಜನವೆಲ್ಲ ನಕ್ಕರು.

"ಹಂಗ ಹೇಳ್ರಲಾ! ಜೋಡಪಂಖಿ, ಜೋಡ ರೆಕ್ಕೀದು! ಬರ್ರಿ, ಬರ್ರಿ, ಒಳಗ ಬರ್ರಿ."

ಒಳಗೆ ಹಂಚಿನ ಸಾಲುಗಳ ಹಿಂದೆ ಅದು ಇತ್ತು. ಬಟ್ಟೆ ಎಂದೋ ಹರಿದುಹೋಗಿ ಪಕ್ಕೆಲುಬು ಕಾಣುತ್ತಿತ್ತು. ಬಲಗಡೆ ಮುಂದಿನ ಕೋಲು ಮುರಿದು ಎರಡಾಗಿತ್ತು. ಹಿಂದಿನದು, ಅಪ್ಪನದು, ಎಣ್ಣೆ ಕುಡಿದು ಕಪ್ಪಾಗಿ ಗಟ್ಟಿಯಾಗಿ ನಿಂತಿತ್ತು. ಅಪ್ಪ ಹೇಳಿದ್ದು ಖರೇನೇ. ಅದರ ಅಂಚು ನೋಡಿ ನನಗೆ ಹೆಮ್ಮೆಯೂ ಆಯಿತು. ಬಿಚ್ಚಿ ಧೂಳು ಒರೆಸಿ, ಎಡಗಡೆಯ ಹಿಂದಿನ ಕೋಲನ್ನೂ ಬಿಚ್ಚಿ, ಎರಡನ್ನೂ ನೆಲದ ಮೇಲೆ ಒಂದರ ಬಾಜು ಒಂದು ಇಟ್ಟೆ. ಎಡಗಡೆಯದು ಇಂಗ್ಲೆಂಡಿನಿಂದಲೇ ಬಂದ ಮೂಲದ ಕೋಲು. ಎರಡೂ ಒಂದೇ ಉದ್ದ ಇರಬೇಕು. ಅಪ್ಪನದು ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಉದ್ದ ಇತ್ತು.

ಮೊದಲು ನಾನು ಇಂಗ್ಲಿಷರನ್ನು ಬೈದೆ. ಆಮೇಲೆ ನಕ್ಷೆಯನ್ನು ಬೈದೆ. ಮೂಲದ ಕೋಲನ್ನು ಉಕ್ಕಿನ ಪಟ್ಟಿಯಿಂದ ಅಳೆದೆ. ಅಪ್ಪನದನ್ನು ಅಳೆಯಲು ಚೀಲಕ್ಕೆ ಕೈ ಹಾಕಿದಾಗ ಕೈಗೆ ಬಂದದ್ದು ಇನ್ನೊಂದು ಪಟ್ಟಿ. ಅದನ್ನು ಹಿಡಿದು ನೋಡಿದರೆ ಮೂಲದ ಕೋಲಿನದೇ ಅಂಕಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಹಂಚಿನ ರಾಶಿಯ ಮೇಲೆ ಕೂತು ಇನ್ನೊಮ್ಮೆ ಅಳೆದೆ.

ಆ ಪಟ್ಟಿಯ ವಿಷಯ ಹೇಳಬೇಕು. ಕಾಯ್ದ ಕಬ್ಬಿಣ ಅಚ್ಚಿನಲ್ಲಿ ಆರುವಾಗ ಕುಗ್ಗುತ್ತದೆ. ಹಾಗಾಗಿ ಪ್ಯಾಟರ್ನನ್ನು ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂತರೆ ಕೆಲಸ ಆಗುವುದಿಲ್ಲವೆಂದು ನಮಗೆ ಬೇರೆಯೇ ಒಂದು ಅಳತೆಪಟ್ಟಿ ಇರುತ್ತದೆ. ಅದರಲ್ಲಿ ಒಂದು ಅಡಿ ಎಂದು ಬರೆದದ್ದು ನಿಜವಾಗಿ ಒಂದು ಅಡಿಗಿಂತ ಚೂರು ಹೆಚ್ಚು. ಕುಗ್ಗುಪಟ್ಟಿ ಅನ್ನುತ್ತೇವೆ. ದಿನವಿಡೀ ಅದೇ ಕೈಯಲ್ಲಿರುತ್ತದೆ. ಕಣ್ಣಿಗೆ ಬೇರೆ ಪಟ್ಟಿಗೂ ಅದಕ್ಕೂ ಫರಕು ಕಾಣುವುದಿಲ್ಲ. ಪ್ಯಾಟರ್ನ್ ಮೇಸ್ತ್ರಿಗಳ ಮನೆಗೆ ಹೋಗಿ ನೋಡಿ: ಮಂಚ ದೊಡ್ಡದು, ಗಾದಿ ಸಣ್ಣದು. ನಮ್ಮ ಅಡುಗೆಮನೆಯ ಹಲಗೆಯನ್ನು ಅಪ್ಪ ಹೀಗೇ ಮಾಡಿ, ಅದು ಹಿಡಿಸದೆ, ಹಲಗೆ ಕೊಯ್ಯುವ ಬದಲು ಗೋಡೆ ಕೆತ್ತಿ ಕೂರಿಸಿದ್ದ. ತಪ್ಪು ಗೋಡೆಯದೇ ಎಂದು ಅವನ ವಾದ.

ವಿಮಾನದ ಕೋಲನ್ನೂ ಅಪ್ಪ ಈ ಪಟ್ಟಿಯಿಂದಲೇ ಅಳೆದು ಮಾಡಿದ್ದ. ಹಲಗೆಯಾದರೆ ಗೋಡೆ ಕೆತ್ತಬಹುದು. ಗಾಳಿಯನ್ನು ಕೆತ್ತಲಾಗದು. ಹಿಂದಿನ ಕೋಲು ಉದ್ದವಾದರೆ ಆ ಬದಿಯ ಮೇಲಿನ ರೆಕ್ಕೆಯ ಹಿಂಭಾಗ ಎತ್ತಿಕೊಳ್ಳುತ್ತದೆ, ರೆಕ್ಕೆ ತಿರುಚುತ್ತದೆ, ಆ ಕಡೆ ಗಾಳಿ ಕಡಿಮೆ ಹಿಡಿಯುತ್ತದೆ. ವಿಮಾನ ಬಲಕ್ಕೆ ವಾಲುತ್ತದೆ. ಕ್ಲಬ್ಬಿನವರು ರೆಕ್ಕೆಗಳ ನಡುವಿನ ತಂತಿ ಬಿಗಿಮಾಡಿ ಹೇಗೋ ಹೊಂದಿಸಿರಬೇಕು. ವೇಗವಿರುವಾಗ ಕೈಯಿಂದ ತಡೆಹಿಡಿಯಬಹುದು. ಇಂಜಿನ್ ನಿಂತು, ವೇಗ ಇಳಿದು, ನೆಲ ಹತ್ತಿರ ಬಂದಾಗ ಯಾವ ಗಂಡುಮಗನೂ ತಡೆಯಲಾರ. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನೆಲ ಡೊಂಕೇ ಇತ್ತು, ಮತ್ತು ಡೊಂಕು ಮಾಡಿದವನೇ ಗಾದೆ ಹೇಳಿ ನಕ್ಕಿದ್ದ.

ಅಪ್ಪನಿಗೆ ಇದು ಗೊತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ. ಗೊತ್ತಿದ್ದರೆ ಆ ಕೋಲಿನ ಜಂಬ ಕೊಚ್ಚುತ್ತಿರಲಿಲ್ಲ. ಹೀಗಾಗಿ ಸರಿಯಾಗಿ ಸಿಟ್ಟಾಗಲೂ ಆಗದೆ, ಬಿಡಲೂ ಆಗದೆ, ಎರಡೂ ಕೋಲುಗಳನ್ನು ಹೊತ್ತುಕೊಂಡು, ಸತ್ತ ಮನುಷ್ಯನೊಂದಿಗೆ ಖಾನಾಪುರದಿಂದ ಬೆಳಗಾವಿಯವರೆಗೆ ಬಸ್ಸಿನಲ್ಲಿ ಜಗಳಾಡುತ್ತ ಬಂದೆ.

ಮರುದಿನವೇ ಕ್ಯಾಂಪಿಗೆ ಹೋದೆ. ಸಮಿತಿಯ ಅಧ್ಯಕ್ಷರು ನಿವೃತ್ತ ಅಧಿಕಾರಿ, ಸಭ್ಯರು. ಬಾಜು ಕೂತಿದ್ದ ಕಾರ್ಯದರ್ಶಿ ಬಟ್ಟೆ ಅಂಗಡಿಯವರು, ನಮ್ಮವರೇ. ಎರಡು ಕೋಲು, ಎರಡು ಪಟ್ಟಿ ಮೇಜಿನ ಮೇಲಿಟ್ಟು ಎಲ್ಲ ವಿವರಿಸಿದೆ. ಅಧ್ಯಕ್ಷರು ಎರಡು ಸಲ ತಾವೇ ಅಳೆದು ನೋಡಿದರು. "ಬಹಳ ಇಂಟರೆಸ್ಟಿಂಗ್" ಎಂದರು. ನನಗೆ ಕೆಲಸವಾಯಿತು ಅನ್ನಿಸಿತು. ಆ ಶಬ್ದವನ್ನು ಜನ ಏನೂ ಮಾಡದಿರಲು ಬಳಸುತ್ತಾರೆ ಎಂದು ಆಗ ಹೊಳೆಯಲಿಲ್ಲ.

"ಹಂಗಾದ್ರ ಆ ಸಾಲು ತೆಗೀರಿ" ಎಂದೆ.

ಕಾರ್ಯದರ್ಶಿ ಕೈ ಮುಗಿದರು. "ಕನ್ನಡದಾಗ ಒಂದು ಸಾಲು ತೆಗದ್ರ ಮರಾಠಿಯೊಳಗ ಒಂದು ತೆಗೀಬೇಕು. ಯಾವುದರಾಗ ಹೆಚ್ಚಾತು, ಯಾವುದರಾಗ ಕಡಿಮಿ ಆತು ಅಂತ ಮತ್ತ ಶುರು ಆಗತೈತಿ. ದೇವರಾಣಿ, ಇನ್ನೊಂದು ಮೀಟಿಂಗು ನನ್ನ ಕಡಿಂದ ಆಗೂದಿಲ್ರಿ."

"ಸುಳ್ಳು ಐತಿ ಅಂದ್ರೂನೂ?"

"ಅಲ್ರಿ, ನಿಮ್ಮಪ್ಪನ ಹೆಸರು ನೀವ ಕೆಡಸಾಕ ಹೊಂಟೀರಲ್ಲ. ಹಿರಿಯರು ಹೋಗಿ ಎಷ್ಟು ವರ್ಷ ಆತು. ಬಿಡ್ರಿ."

ಅಧ್ಯಕ್ಷರು ಒಂದು ದಾರಿ ಹುಡುಕಿದರು. ಸಾಲು ಹಾಗೇ ಇರಲಿ, "ಚಾಲಕಿಯ" ಅನ್ನುವುದನ್ನು "ಚಾಲಕನ" ಎಂದು ಮಾಡೋಣ. ಮರಾಠಿಯಲ್ಲೂ ಅಷ್ಟೇ, ಒಂದೆರಡು ಅಕ್ಷರದ ಮಾತು. ಇಂಗ್ಲಿಷಿನಲ್ಲಿ ಅದೂ ಬೇಡ. ಆಗ ನಿಮ್ಮ ಅತ್ತೆಯವರ ಸುದ್ದಿ ಯಾರಿಗೂ ಗೊತ್ತಾಗುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ ಎಂದರು. ಅವರು ನಿಜವಾಗಿ ನನಗೆ ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದರು.

ಅವಳು ಜೀವನದಲ್ಲಿ ಒಮ್ಮೆ ಆಕಾಶದಲ್ಲಿ ಒಬ್ಬಳೇ ಇದ್ದಳು. ಈಗ ಅಲ್ಲಿಂದಲೂ ಅವಳನ್ನು ಇಳಿಸಿ, ಒಬ್ಬ ಗಂಡಸನ್ನು ಕೂರಿಸಿ, ಅವನ ಮೇಲೆ ತಪ್ಪು ಹೊರಿಸಿದರೆ ಸಮಾಧಾನವಂತೆ. ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಕಾರ್ಯದರ್ಶಿ ಎದ್ದು ನಿಂತದ್ದು ನೆನಪಿದೆ. ಕೆಲಸ ಬೇರೆಯವರಿಗೆ ಕೊಡಿ ಎಂದು ಹೇಳಿ, ಅಪ್ಪನ ಕೋಲನ್ನು ಬಗಲಲ್ಲಿ ಇಟ್ಟುಕೊಂಡು ಹೊರಬಿದ್ದೆ. ಅದು ಅವರ ವಿಮಾನದ್ದು, ಒಯ್ಯಬಾರದು ಎಂದು ಹಿಂದಿನಿಂದ ಕೂಗಿದರು. ಕೂಗಲಿ ಬಿಡಿ ಎಂದು ಆಟೋ ಹತ್ತಿದೆ.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿದ್ದಳು. ರವಿವಾರ, ಹೊರಗೆ ಸಂತೆಯ ಗದ್ದಲ. ಬೋರ್ಡು ಹೋದರೆ ಹೋಗಲಿ, ಇವಳಿಗಾದರೂ ನಿಜ ಗೊತ್ತಾಗಲಿ ಎಂದು ನಾನು ದಾರಿಯಲ್ಲೇ ನಿರ್ಧರಿಸಿದ್ದೆ. ಅವಳ ಮೊಣಕಾಲ ಮೇಲೆ ಅಡ್ಡಡ್ಡ ಕೋಲನ್ನಿಟ್ಟೆ. ಎರಡು ಪಟ್ಟಿಗಳನ್ನು ಒಂದರ ಬಾಜು ಒಂದು ಹಿಡಿದು ತೋರಿಸಿದೆ. ಅವಳಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಆ ವಿಮಾನವನ್ನು ನನಗಿಂತ ಚೆನ್ನಾಗಿ ಬಲ್ಲವಳು.

"ಅಣ್ಣ ಮಾಡಿದ ಕೋಲು?"

"ಹೌದತ್ತಿ. ನಿನ್ನ ತಪ್ಪ ಅಲ್ಲ. ಬಲಕ್ಕ ಎಳೀತಿತ್ತು ಅಂತಿದ್ದೆಲ್ಲಾ, ಖರೇನ ಎಳೀತಿತ್ತು."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ನಗುತ್ತಾಳೆ ಎಂದು. ಎರಡೂ ಆಗಲಿಲ್ಲ. ಕುಗ್ಗುಪಟ್ಟಿಯನ್ನು ತಿರುವಿ ತಿರುವಿ ನೋಡಿದಳು. ಮುಖ ಬಿಗಿಯುತ್ತ ಹೋಯಿತು.

"ಅಪ್ಪನ ಮ್ಯಾಲೆ ಸಿಟ್ಟು ಬಂತೇನು?" ಎಂದೆ.

"ಅಂವನ ಮ್ಯಾಲೆ ಯಾಕ ಬರ್ತೈತಿ? ಅಂವಗೇನು ಗೊತ್ತು?" ಎಂದಳು. ಆಮೇಲೆ, ಕೋಲಿನ ಮೇಲಿಂದ ಕೈ ತೆಗೆಯದೆ ಹೇಳಿದಳು. "ಬಿದ್ದ ಮ್ಯಾಲೆ ಗುರುಗಳು ಮನಿಗೆ ಬಂದಿದ್ರು. ಇದ ಪಡಸಾಲ್ಯಾಗ ಕುಂತಿದ್ರು. ಇನ್ನೊಂದು ವಿಮಾನ ಐತಿ, ನಾಳೆ ಬಾ, ಬಿದ್ದವರು ಲಗೂನ ಮತ್ತ ಹತ್ತಬೇಕು ಅಂದ್ರು."

ನಾನು ಇದನ್ನು ಎಂದೂ ಕೇಳಿರಲಿಲ್ಲ. "ಕ್ಲಬ್ಬಿನವರ ನಿನ್ನ ಬಿಡಿಸಿದ್ರು ಅಂತಿದ್ರಲ್ಲ ಎಲ್ಲಾರೂ?"

"ಜನಾ ಅಂದ್ರು. ಅನ್ನಲಿ ಅಂತ ಸುಮ್ಮನಿದ್ದೆ."

"ಗುರುಗಳಿಗೆ ಏನಂದಿ?"

"ನನ್ನ ಕೈ ನೆಟ್ಟಗಿಲ್ರಿ ಅಂದೆ. ಖರೇನ ಹಂಗ ಅಂತ ತಿಳಕೊಂಡಿದ್ದೆ."

ಹೊರಗೆ ಯಾರೋ ಮೆಂತ್ಯಸೊಪ್ಪು ಮಾರುತ್ತ ಹೋದರು. ಅವಳು ಪಟ್ಟಿಯನ್ನು ನನ್ನ ಕೈಗೆ ತಿರುಗಿ ಕೊಟ್ಟಳು.

"ಯಾರೂ ನನ್ನ ತಡದಿರಲಿಲ್ಲೋ" ಎಂದಳು. "ನಾನ ಹೋಗಲಿಲ್ಲ."